ಬೆಳ್ಳೂರಿಗೆ ಕೊಟ್ಟ ಹುಡುಗಿ

ನನಗೆ ಕನ್ನಡ ಚೆನ್ನಾಗಿ ಬರುತ್ತದೆ. ಈ ಮಾತನ್ನು ಎಷ್ಟು ಜನರ ಮುಂದೆ ಹೇಳಿಕೊಂಡು ತಿರುಗಿದ್ದೇನೋ ನನಗೇ ನೆನಪಿಲ್ಲ. ಎಂ.ಎ.ಯಲ್ಲಿ ಚಿನ್ನದ ಪದಕ ಬಂದಿದೆ. ನಾಗಮಂಗಲದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯಲ್ಲಿ. ಮಂಡ್ಯದ ಮಾತು ಗೊತ್ತು, ಮೈಸೂರಿನ ಮಾತು ಗೊತ್ತು, ಪುಸ್ತಕದ ಮಾತಂತೂ ಕೇಳುವುದೇ ಬೇಡ. ಇಷ್ಟು ಮೆರೆದವಳಿಗೆ ಒಂದೇ ಒಂದು ಕ್ರಿಯಾಪದ ಸರಿಯಾಗಿ ಮಂಗಳಾರತಿ ಎತ್ತಿತು. ಅದನ್ನು ಇಲ್ಲಿ ಬರೆದಿಡಬೇಕು. ಯಾಕೆಂದರೆ ಇದಕ್ಕೆ ಮುಂಚೆ ನಾನು ಬರೆದಿಟ್ಟಿದ್ದು ತಪ್ಪು.

ಎರಡು ವರ್ಷದ ಹಿಂದೆ ನಮ್ಮ ಕಡೆಗೆ ಒಬ್ಬರು ಪ್ರೊಫೆಸರ್ ಬಂದಿದ್ದರು. ಬಂಗಾಳಿ ಹೆಂಗಸು, ಐವತ್ತು ದಾಟಿದವರು, ಕೆಲಸ ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ. ಬೇರೆ ದಾರಿಯಿಲ್ಲದೆ ಊರು ಬಿಟ್ಟವರ ಬಗ್ಗೆ ಅವರ ಸಂಶೋಧನೆ. ಮುಂಚೆ ಎಂಟು ವರ್ಷ, ಸಮುದ್ರ ದಾಟಿ ಬಂದು ಇನ್ನೊಂದು ದೇಶದಲ್ಲಿ ಆಶ್ರಯ ಕೇಳುವವರ ಶಿಬಿರಗಳಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರಂತೆ. ಈ ಸಲ ಅವರಿಗೆ ಬೇಕಾಗಿದ್ದು ಹತ್ತಿರದ ವಲಸೆ. ಒಂದು ತಾಲ್ಲೂಕಿನಿಂದ ಇನ್ನೊಂದು ತಾಲ್ಲೂಕಿಗೆ ಕೂಲಿಗೆ ಹೋಗುವ ಕುಟುಂಬಗಳಲ್ಲಿ ಮಕ್ಕಳು ಎಲ್ಲಿ ಕೈತಪ್ಪುತ್ತಾರೆ, ಯಾರ ಕೈ ಸೇರುತ್ತಾರೆ, ಮಕ್ಕಳನ್ನು ಸಾಗಿಸುವವರು ಯಾವ ವೇಷದಲ್ಲಿ ಬರುತ್ತಾರೆ ಎನ್ನುವುದು. ನಮ್ಮಲ್ಲಿ ಇದನ್ನು ಯಾರೂ ವಲಸೆ ಅನ್ನುವುದಿಲ್ಲ. ಬಿಂಡಿಗನವಿಲೆ, ಹೊಣಕೆರೆ ಕಡೆಯ ಮಳೆ ನಂಬಿದ ಜನ ಕಬ್ಬಿನ ಕಾಲಕ್ಕೆ ಪಾಂಡವಪುರ, ಕೆ.ಆರ್. ಪೇಟೆ ಕಡೆಗೆ ಇಳಿಯುತ್ತಾರೆ. 'ನಾಲೆ ಕಡೆ ಹೋಗೋದು' ಅನ್ನುತ್ತಾರೆ, ಅಷ್ಟೇ.

ಪ್ರೊಫೆಸರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಅವರ ದುಭಾಷಿ. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಬೇಕು, ಬಂದ ಉತ್ತರವನ್ನು ಅವರಿಗೆ ಹೇಳಬೇಕು, ಫಾರಂ ತುಂಬಬೇಕು. ಮೊದಲ ದಿನವೇ ಅವರು ನನಗೊಂದು ವಿಷಯ ಹೇಳಿದರು. ಯಾವುದೋ ಶಿಬಿರದಲ್ಲಿ ಒಬ್ಬ 'ಓಡಿ ಬಂದೆವು' ಅಂದನಂತೆ. ದುಭಾಷಿ ಅದನ್ನು 'ಹೊರಟು ಬಂದೆವು' ಅಂತ ಮಾಡಿದ. ಹೊರಟು ಬಂದವನಿಗೆ ಆಶ್ರಯ ಯಾಕೆ ಅಂತ ಅರ್ಜಿ ವಜಾ ಆಯಿತು. ಅವನನ್ನು ವಾಪಸ್ಸು ಕಳಿಸಿದರು, ಆಮೇಲೆ ಏನಾದ ಅಂತ ಗೊತ್ತಿಲ್ಲ. "ಆ ದುಭಾಷಿಗೆ ಭಾಷೆ ಸರಿಯಾಗಿ ಬರ್ತಿರಲಿಲ್ಲವೇನೋ" ಅಂದೆ ನಾನು. "ಅವನ ತಾಯಿನುಡಿ ಅದು" ಅಂದರು. ನಾನು ಅಯ್ಯೋ ಪಾಪ ಅಂತ ಲೊಚಗುಟ್ಟಿದೆ. ಎಂಥಾ ದಡ್ಡ ಅಂತಲೂ ಮನಸ್ಸಿನಲ್ಲಿ ಅಂದುಕೊಂಡೆ.

ಮಾಯಮ್ಮ ಸಿಕ್ಕಿದ್ದು ಪಾಂಡವಪುರದ ಆಚೆಯ ಒಂದು ಆಲೆಮನೆಯಲ್ಲಿ. ಬಿಂಡಿಗನವಿಲೆ ಕಡೆಯವರು. ಗಂಡ ನಾಗರಾಜು ಕೊಪ್ಪರಿಗೆಯ ಹತ್ತಿರ ನಿಂತು ಕುದಿಯುವ ಕಬ್ಬಿನ ಹಾಲಿನ ನೊರೆ ತೆಗೆಯುತ್ತಿದ್ದ. ಮಾಯಮ್ಮ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರಡುತ್ತಿದ್ದಳು. ಹದಿನೈದರ ಆಸುಪಾಸಿನ ಮಗಳೊಬ್ಬಳು ಒಲೆಗೆ ಒಣಸಿಪ್ಪೆ ತಳ್ಳುತ್ತಿದ್ದಳು. ಅಲ್ಲೇ ತಗಡಿನ ಶೆಡ್ಡು, ಅದರಲ್ಲೇ ಅವರ ವಾಸ. ಪಕ್ಕದ ಶೆಡ್ಡಿನಲ್ಲಿ ಲಾರಿಯವರು, ಗಾಣದವರು, ಎಲ್ಲೆಲ್ಲಿಯದೋ ಗಂಡಾಳುಗಳು. ಅದನ್ನು ನಾನು ನೋಡಿದೆ, ಫಾರಂನಲ್ಲೂ ಬರೆದೆ: 'ವಸತಿ: ತಗಡಿನ ಶೆಡ್ಡು.'

ಆಗಲೇ ನಾಲ್ಕೂವರೆ. ಆವತ್ತು ನಮ್ಮಣ್ಣನ ಮಗ ಧ್ರುವನ ಹುಟ್ಟುಹಬ್ಬ. ಪಾಂಡವಪುರದ ಬೇಕರಿಯಲ್ಲಿ ಕೇಕ್ ಹೇಳಿಟ್ಟಿದ್ದೆ. ಅಂಗಡಿಯವನು ಎರಡು ಸಲ ಫೋನ್ ಮಾಡಿಯಾಗಿತ್ತು.

"ಮಕ್ಕಳೆಷ್ಟು ಮಾಯಮ್ಮ?"

"ಇಬ್ರು ಎಣ್ಮಕ್ಳು ಕನವ್ವ. ಇವ್ಳೊಬ್ಳು ಇಲ್ಲೇ ಅವ್ಳೆ. ಇನ್ನೊಬ್ಳು ಚಿನ್ನು ಅಂತವ, ಅವ್ಳ ಬೆಳ್ಳೂರಿಗೆ ಕೊಟ್ಬುಟ್ಟೊ."

ನಾನು ಪ್ರೊಫೆಸರಿಗೆ ಹೇಳಿದೆ: ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಇಲ್ಲಿದ್ದಾಳೆ, ಇನ್ನೊಬ್ಬಳಿಗೆ ಬೆಳ್ಳೂರಿನ ಕಡೆಗೆ ಮದುವೆಯಾಗಿದೆ.

ಪ್ರೊಫೆಸರ್ ಪೆನ್ನು ನಿಲ್ಲಿಸಿದರು. ಮದುವೆ ಅನ್ನುವ ಮಾತು ಆಡಿದರಾ ಅವರು, ಅದನ್ನು ಹೇಳುವಾಗ ತಲೆ ಯಾಕೆ ತಗ್ಗಿಸಿದರು ಅಂತ ಕೇಳಿದರು. ನಾನು ನಕ್ಕುಬಿಟ್ಟೆ. ನಮ್ಮ ಭಾಷೆಯೇ ಹಾಗೆ ಮೇಡಂ ಅಂದೆ. ಹೆಣ್ಣನ್ನು ಒಂದೂರಿಗೆ ಕೊಟ್ಟೆವು ಅಂದರೆ ಮದುವೆ ಮಾಡಿಕೊಟ್ಟೆವು ಅಂತಲೇ ಅರ್ಥ, ಬೇರೆ ಅರ್ಥವೇ ಇಲ್ಲ. 'ನಿಮ್ಮ ಮಗಳನ್ನ ಯಾವೂರಿಗೆ ಕೊಟ್ಟಿದ್ದೀರಿ' ಅಂತ ಯಾವ ಛತ್ರಕ್ಕಾದರೂ ಹೋಗಿ ಕೇಳಿ ನೋಡಿ, ಊರಿನ ಹೆಸರು, ಅಳಿಯನ ಕೆಲಸ, ಬೀಗರ ತೋಟ ಎಲ್ಲ ಹೇಳುತ್ತಾರೆ. ಕೊಡುವುದು, ತರುವುದು, ಕೊಟ್ಟು ತಂದು ಮಾಡುವುದು ಅಂತ ಐದು ನಿಮಿಷ ಪಾಠವನ್ನೇ ಮಾಡಿದೆ. ಆ ಕಬ್ಬಿನ ಸಿಪ್ಪೆಯ ಮೇಲೆ ನಿಂತು!

ಅವರು ಪೂರ್ತಿ ಕೇಳಿಸಿಕೊಂಡು, "ಆದರೂ ಇನ್ನೊಂದು ಸಲ ಕೇಳಿ. ಯಾರಿಗೆ ಕೊಟ್ಟರು ಅಂತ" ಅಂದರು.

ನನಗೆ ಮೈಯೆಲ್ಲ ಉರಿಯಿತು. ನನ್ನ ಭಾಷೆಯನ್ನು ನನಗೆ ಹೇಳಿಕೊಡಲು ಬಂದಿದ್ದಾರೆ! ಕೇಳು ಅಂದದ್ದನ್ನು ನಾನು ಕೇಳಲಿಲ್ಲ. ಮುಖದ ಮೇಲೆ ನಗು ಇಟ್ಟುಕೊಂಡು ಮಾಯಮ್ಮನನ್ನು ಬೇರೆಯೇ ಕೇಳಿದೆ.

"ಮಗಳು ಚೆನ್ನಾಗಿದಾಳಾ ಅಲ್ಲಿ?"

"ಓದುಸ್ತೀವಿ ಅಂತ ಯೋಳವ್ರೆ. ನಾವು ಕಣ್ಣಾರೆ ನೋಡಿಲ್ಲ ಕನವ್ವ."

ನಾನು ಅದರಲ್ಲಿ ಮೊದಲನೇ ವಾಕ್ಯವನ್ನು ಮಾತ್ರ ಇಂಗ್ಲಿಷಿಗೆ ದಾಟಿಸಿದೆ. ಅದಕ್ಕೂ ಒಂದಿಷ್ಟು ಒಗ್ಗರಣೆ ಹಾಕಿದೆ: ಅತ್ತೆಮನೆಯವರು ಒಳ್ಳೆಯ ಜನ, ಮದುವೆಯಾದ ಮೇಲೂ ಓದಿಸುತ್ತಿದ್ದಾರೆ. ಪ್ರೊಫೆಸರ ಮುಖ ಅರಳಿತು. ಆ ವಾರವೆಲ್ಲ ಅವರು ಒಳ್ಳೆಯದು ಅಂತ ಒಂದೇ ಒಂದು ಸುದ್ದಿ ಕೇಳಿರಲಿಲ್ಲ. ಬೇಗಬೇಗ ಬರೆದುಕೊಂಡರು.

ಹೊರಡುವಾಗ ಮಾಯಮ್ಮ ಎಲೆಅಡಿಕೆ ಚೀಲದಿಂದ ಒಂದು ಚೀಟಿ ತೆಗೆದಳು. ಯಾರೋ ಬರೆದುಕೊಟ್ಟ ಫೋನ್ ನಂಬರು. "ಇದ್ನೂ ಬರ್ಕೊಳವ್ವ, ಬೇಕಾಯ್ತದೆ" ಅಂದಳು. ಬೀಗರ ನಂಬರು ನನಗ್ಯಾಕೆ ಅಂತ ಗೊಣಗಿಕೊಂಡೇ ಫಾರಂನ ಅಂಚಿನಲ್ಲಿ ಬರೆದೆ. ಅವಳು ನಾನು ಬರೆಯುವುದನ್ನೇ ನೋಡುತ್ತಿದ್ದಳು. ಓದಲು ಬಾರದವಳು, ಆದರೂ ಹತ್ತೂ ಅಂಕಿ ಮುಗಿಯುವವರೆಗೂ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡಳು. ಹಳ್ಳಿ ಜನಕ್ಕೆ ಎಷ್ಟು ವಿಶ್ವಾಸ ಅಂತ ನನಗೆ ಹೆಮ್ಮೆಯಾಯಿತು.

ಬೇಕರಿಯ ಮುಂದೆ ನಿಂತು ಫಾರಂ ನೋಡಿದರೆ ಚಿನ್ನುವಿನ ವಯಸ್ಸಿನ ಜಾಗ ಖಾಲಿ ಇತ್ತು. ಕೇಳಲು ಮರೆತಿದ್ದೆ. ಇಲ್ಲಿರುವವಳಿಗೆ ಹದಿನೈದು, ಮದುವೆಯಾದವಳು ಅಕ್ಕನೇ ಇರಬೇಕು. ಹತ್ತೊಂಬತ್ತು ಅಂತ ಬರೆದೆ. ಕೇಕ್ ಪೊಟ್ಟಣದ ಮೇಲೆ ಇಟ್ಟುಕೊಂಡು, ಗಟ್ಟಿಯಾಗಿ ಒತ್ತಿ. ಚಿಕ್ಕಂದಿನಿಂದಲೂ ನಾನು ಒತ್ತಿ ಬರೆಯುವವಳು.

ಕ್ಷೇತ್ರಕಾರ್ಯ ಮುಗಿಯಿತು. ಒಟ್ಟು ಅರವತ್ತೆರಡು ಫಾರಂ. ಸಂಶೋಧನೆಯಲ್ಲಿ ಗೋಪ್ಯತೆ ಅಂತ ಒಂದು ನಿಯಮ. ಮಾತಾಡಿದವರ ಗುರುತು ಯಾರಿಗೂ ಸಿಗಬಾರದು, ಅವರಿಗೆ ತೊಂದರೆಯಾಗಬಾರದು. ಅದಕ್ಕೇ ಹೆಸರು, ಊರು, ಫೋನ್ ನಂಬರು ಎಲ್ಲದರ ಮೇಲೂ ದಪ್ಪ ಮಾರ್ಕರಿನಿಂದ ಕಪ್ಪು ಗೆರೆ ಎಳೆಯುವ ಕೆಲಸ ನನ್ನದು. ಮನೆಯ ಜಗಲಿಯಲ್ಲಿ ಕೂತು ಎರಡು ದಿನ ಎಳೆದೆ. ಧ್ರುವ ಪಕ್ಕದಲ್ಲಿ ಕೂತು ಅತ್ತೆ, ನಾನೂ ಒಂದು ಎಳೀತೀನಿ ಅಂತ ಪೀಡಿಸಿದ. ಕೊಡಲಿಲ್ಲ. ಇದು ಹುಡುಗಾಟವಲ್ಲ ಅಂದೆ. ಫಾರಂಗಳ ಫೋಟೋ ತೆಗೆದು ಪ್ರೊಫೆಸರಿಗೆ ಕಳಿಸಿದ ಮೇಲೆ ಮೂಲ ಕಾಗದಗಳನ್ನು ಸುಟ್ಟುಹಾಕಿ ಅಂದಿದ್ದರು. ಸುಡಲು ಹಿತ್ತಲಿಗೆ ಒಯ್ದರೆ ನಮ್ಮಮ್ಮ ಭಾಗೀರಥಮ್ಮ ಅಡ್ಡ ಬಂದಳು.

"ಅಕ್ಷರ ಇರೋ ಕಾಗದಾನ ಒಲೆಗೆ ಹಾಕ್ತಾರೇನೇ? ಸರಸ್ವತಿ ಕಣೇ ಅದು. ಟ್ರಂಕಿನಲ್ಲಿಡು."

ನಮ್ಮ ಮನೆಯಲ್ಲಿ ಹಳೆಯ ಪಂಚಾಂಗಗಳನ್ನೂ ಸುಡುವುದಿಲ್ಲ. ಅಮ್ಮನ ಹತ್ತಿರ ವಾದ ಮಾಡುವ ಶಕ್ತಿಯಿಲ್ಲದೆ ಅವನ್ನು ಟ್ರಂಕಿನಲ್ಲಿ ತುಂಬಿ ಮಂಚದ ಕೆಳಗೆ ತಳ್ಳಿದೆ.

ಮರುವರ್ಷ ಪ್ರೊಫೆಸರ ಪ್ರಬಂಧ ಅಚ್ಚಾಯಿತು. ಕೃತಜ್ಞತೆಗಳಲ್ಲಿ ನನ್ನ ಹೆಸರು: ಪ್ರಜ್ಞ, ಸ್ಥಳೀಯ ಭಾಷೆಯನ್ನು ಸೂಕ್ಷ್ಮವಾಗಿ ಬಲ್ಲವರು. ಅಪ್ಪ ಜಯರಾಮಯ್ಯ ದೇವಸ್ಥಾನದ ಪರಿಚಾರಕ ಕೆಲಸದಿಂದ ನಿವೃತ್ತರಾದವರು. ಇಂಗ್ಲಿಷ್ ಅಷ್ಟಕ್ಕಷ್ಟೇ. ಆ ಒಂದು ಸಾಲನ್ನು ನನ್ನ ಕೈಲಿ ಮೂರು ಸಲ ಓದಿಸಿ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಪ್ರಬಂಧದ ನಡುವೆ ಒಂದು ಕಡೆ ಹೀಗಿತ್ತು: ವಲಸೆ ಹೋದ ಒಂದು ಕುಟುಂಬದ ಹಿರಿಯ ಮಗಳು ಮದುವೆಯ ನಂತರವೂ ಪತಿಗೃಹದಲ್ಲಿ ವಿದ್ಯಾಭ್ಯಾಸ ಮುಂದುವರಿಸಿದ್ದಾಳೆ, ಇದು ಆಶಾದಾಯಕ. ಆ ಸಾಲು ಓದುವಾಗ ಇದು ನನ್ನಿಂದಲೇ ಬಂದದ್ದು ಅಂತ ಬೀಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಈ ವರ್ಷ ಫೆಬ್ರವರಿಯಲ್ಲಿ ಪರೀಕ್ಷೆಯ ಕೆಲಸಕ್ಕೆ ಬೆಳ್ಳೂರಿಗೆ ಹೋಗಿದ್ದೆ. ಮಧ್ಯಾಹ್ನ ಮುಗಿಸಿ ಬೆಳ್ಳೂರು ಕ್ರಾಸಿನಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದೆ. ಹಾಸನದ ಬಸ್ಸುಗಳು, ಬೆಂಗಳೂರಿನ ಕಾರುಗಳು, ತಿಂಡಿಗೆ ಇಳಿದವರ ಗಲಾಟೆ. ಯಾರೋ ಮೊಣಕೈ ಮುಟ್ಟಿದರು.

"ಮೇಡಮ್ಮೋರೆ, ಗುರ್ತು ಸಿಕ್ತಾ? ಆಲೆಮನೆ ತಾವ್ಕೆ ಬಂದಿದ್ರಲ್ಲ, ಬರ್ಕೊಂಡೋಗಕ್ಕೆ."

ಒಂದು ಕ್ಷಣ ಬೇಕಾಯಿತು. ಬಹಳ ಸೊರಗಿದ್ದಳು.

"ಓಹೋ, ಮಾಯಮ್ಮ! ಏನು, ಮಗಳ ಮನೆಗೆ ಬಂದ್ರಾ?"

ಎಷ್ಟು ಸಲೀಸಾಗಿ ಬಂತು ಆ ಮಾತು ನನ್ನ ಬಾಯಲ್ಲಿ. ಅವಳು ನನ್ನ ಮುಖವನ್ನೇ ನೋಡಿದಳು, ಆಸೆಯಿಂದ.

"ಎಲ್ಲವ್ಳವ್ವ? ನಿಮ್ಗೆ ಗೊತ್ತಾಯ್ತಾ? ಸಿಕ್ಕುದ್ಲಾ?"

"ಸಿಗೋದು ಅಂದ್ರೆ? ಇಲ್ಲಿಗೇ ಕೊಟ್ಟಿದೀವಿ ಅಂದ್ರಲ್ಲ. ಅಳಿಯ ಏನು ಮಾಡ್ಕೊಂಡಿದಾರೆ?"

"ಯಾವ್ ಅಳಿಯ?" ಅಂದಳು ಮಾಯಮ್ಮ. "ಅಳಿಯ ಎಲ್ಲಿಂದ ಬಂದನವ್ವ? ಆಗ ಅನ್ನೊಂದ್ ವರ್ಸದ್ ಕೂಸು ಕನವ್ವ ಅದು."

ಹನ್ನೊಂದು. ಆವತ್ತಿನ ಕೇಕಿನ ಮೇಲೆ ಧ್ರುವ ಊದಿದ್ದೂ ಹನ್ನೊಂದೇ ಮೇಣದಬತ್ತಿ.

ಬಸ್ಸು ಬಂತು, ಹೋಯಿತು. ಅವಳನ್ನು ಮರದ ಕೆಳಗಿನ ಕಟ್ಟೆಯ ಮೇಲೆ ಕೂರಿಸಿದೆ. ಪಕ್ಕದಲ್ಲಿ ನಾನೂ ಕೂತೆ. ಎರಡು ವರ್ಷದ ಹಿಂದೆ ನಾನು ಕೇಳದೆ ಬಿಟ್ಟದ್ದನ್ನು ಈಗ ಕೇಳಿದೆ: ಯಾರಿಗೆ ಕೊಟ್ಟಿರಿ? ಅವಳು ಹೇಳಿದಳು. ಆಲೆಮನೆಯ ಶೆಡ್ಡಿನಲ್ಲಿ ಗಂಡಾಳುಗಳ ನಡುವೆ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮಲಗುವುದಕ್ಕೆ ಅವಳಿಗೆ ಭಯ. ದೊಡ್ಡವಳು ಕೆಲಸಕ್ಕೆ ಬೇಕು, ಕಣ್ಣಳತೆಯಲ್ಲಿ ಇರುತ್ತಾಳೆ. ಚಿಕ್ಕವಳು ಸ್ಕೂಲು ಬಿಟ್ಟು ಸುಮ್ಮನೆ ಓಡಾಡಿಕೊಂಡಿದ್ದಳು. ಈ ಕ್ರಾಸಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಬೆಟ್ಟಮ್ಮ ಎನ್ನುವವಳು, ದೂರದ ಗುರುತಿನವಳು, ಒಂದು ಒಳ್ಳೆಯ ಮನೆ ಇದೆ ಅಂದಳಂತೆ.

"ಮನೆ ಮಗ್ಳಂಗೆ ನೋಡ್ಕೋತಾರೆ, ಇಸ್ಕೂಲ್ಗೆ ಆಕ್ತಾರೆ ಅಂದ್ಲು. ಇದೇ ಕಟ್ಟೆ ಮೇಲೆ ಕೂರ್ಸಿ ಕೊಟ್ಬುಟ್ಟು ಬಂದೊ. ನಾಕ್ ತಿಂಗ್ಳು ಬೆಟ್ಟಮ್ಮ ಕೊಟ್ಟ ನಂಬರ್ನಾಗೆ ಚಿನ್ನು ಮಾತಾಡುದ್ಲು. ಆಮ್ಯಾಕೆ ಪೋನು ನಿಂತೋಯ್ತು. ಬಂದು ನೋಡುದ್ರೆ ಬೆಟ್ಟಮ್ಮನೂ ಇಲ್ಲ. ಅದಾಗಿ ಒಂದ್ವಾರಕ್ಕೇ ನೀವು ಬಂದ್ರಿ."

ಅಂದರೆ ನಾವು ಹೋದ ದಿನ ಆ ಮಗು ಕಾಣೆಯಾಗಿ ವಾರವಾಗಿತ್ತು. ಅವಳು ತಲೆ ತಗ್ಗಿಸಿ 'ಕೊಟ್ಬುಟ್ಟೊ' ಅಂದದ್ದು ಹೇಳಿಕೊಳ್ಳಲು ಬಾಯಿ ಬಾರದ ತಪ್ಪನ್ನು.

"ಪೊಲೀಸಿಗೆ ಹೇಳಲಿಲ್ವಾ ಮಾಯಮ್ಮ? ಎರಡು ವರ್ಷ ಆಯ್ತಲ್ಲ!"

ನನ್ನ ದನಿಯಲ್ಲಿ ಸಿಟ್ಟಿತ್ತು. ದೇವರೇ, ಅವಳ ಮೇಲೆ ಸಿಟ್ಟು ಮಾಡಿದೆ ನಾನು. ಅವಳು ಬೆಪ್ಪಾಗಿ ನನ್ನ ಕಡೆ ನೋಡಿದಳು.

"ನಿಮ್ಗೆ ಯೋಳಿದ್ನಲ್ಲವ್ವ. ನೀವು ಬರ್ಕೊಂಡ್ರಲ್ಲ. ನಂಬರೂವೆ ಬರುಸ್ದೆ. ಬರ್ಕೊಂಡೋಗವ್ರೆ, ಗೌರ್ಮೆಂಟೋರು ಉಡುಕ್ತಾವ್ರೆ, ತಡಾಯ್ತದೆ, ಸುಮ್ನಿರು ಅಂದ್ರು ನಮ್ಮೆಜಮಾನ್ರು. ಆ ಚೀಟೀನೂ ನೀವು ಬರ್ಕೊಂಡಿದ್ದೀರಲ್ಲ ಅಂತವ ಜ್ವಾಪಾನ ಮಾಡ್ನಿಲ್ಲ, ಮಳೇಲಿ ನೆಂದೋಯ್ತು. ಅಮಾಸೆ ದಿನ ಗಾಣ ನಿಲ್ಲುಸ್ತಾರೆ, ಆವತ್ತೊಂದಿನ ಬಂದು ಇಲ್ಲಿ ಕುಂತಿರ್ತೀನಿ. ಬಂದ್ರೆ ಇಲ್ಗೇ ಅಲ್ವಾ ಬರಾದು?"

ಎರಡು ವರ್ಷ ಅವಳು ಬೇರೆ ಯಾರ ಬಾಗಿಲಿಗೂ ಹೋಗದೆ ಇದ್ದದ್ದು ನನ್ನಿಂದ. ನನ್ನ ಪೆನ್ನನ್ನು ನಂಬಿ. ಆಗಲಾದರೂ ನಾನು ನಿಜ ಹೇಳಬೇಕಾಗಿತ್ತು: ಯಾರೂ ಹುಡುಕುತ್ತಿಲ್ಲ ಮಾಯಮ್ಮ, ನಿಮ್ಮ ಮಗಳಿಗೆ ಮದುವೆಯಾಗಿದೆ ಅಂತ ನಾನು ಬರೆದುಬಿಟ್ಟೆ ಅಂತ. "ಹುಡುಕ್ತಾ ಇದಾರೆ. ನಾಳೆ ನಾಡಿದ್ದರಲ್ಲಿ ಹೇಳ್ತೀನಿ" ಅಂದೆ. ಅವಳು ಕೈ ಮುಗಿದಳು. ಮಡಿಲಿನಿಂದ ಒಂದು ಹಿಡಿ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕಿದಳು. ನಾನು ತೆಗೆದುಕೊಂಡೆ. ಇಷ್ಟು ನಾಚಿಕೆಗೆಟ್ಟವಳು ನಾನು ಅಂತ ಆವತ್ತೇ ನನಗೆ ಗೊತ್ತಾದದ್ದು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಮಂಚದ ಕೆಳಗಿನಿಂದ ಟ್ರಂಕನ್ನು ಎಳೆದೆ. ಅರವತ್ತೆರಡರಲ್ಲಿ ಮೂವತ್ತೇಳನೆಯದು. 'ವಸತಿ: ತಗಡಿನ ಶೆಡ್ಡು.' ಇನ್ನೊಬ್ಬ ಮಗಳು: ವಯಸ್ಸು ಹತ್ತೊಂಬತ್ತು, ವಿವಾಹಿತೆ, ವಿದ್ಯಾಭ್ಯಾಸ ಮಾಡುತ್ತಿದ್ದಾಳೆ. ಹೆಸರಿನ ಜಾಗದಲ್ಲಿ ಕಪ್ಪು ಗೆರೆ. ಅಂಚಿನಲ್ಲಿ ನಂಬರು ಬರೆದ ಕಡೆ ಎಂಥಾ ಚೊಕ್ಕ ಕೆಲಸ, ಒಂದರ ಮೇಲೊಂದು ಎರಡು ಗೆರೆ. ಕಿಟಕಿಯ ಬೆಳಕಿಗೆ ಹಿಡಿದೆ, ಕಾಣಲಿಲ್ಲ. ಸ್ಪಿರಿಟ್ ಹಚ್ಚೋಣವೆಂದರೆ ಅಕ್ಷರವೂ ಅಳಿಸಿಹೋದರೆ ಅಂತ ಭಯ. ನೆಲದ ಮೇಲೆ ಕೂತು ಅತ್ತೆ. ಅಮ್ಮ ಗಾಬರಿಯಾಗಿ ಓಡಿ ಬಂದಳು, ಅಪ್ಪ ಬಂದರು. ಅಳುತ್ತಲೇ ಎಲ್ಲ ಹೇಳಿದೆ, ಕೇಕಿನ ವಿಷಯವನ್ನೂ ಬಿಡದೆ.

ಅಪ್ಪ ಕಾಗದ ಇಸಿದುಕೊಂಡು, ತಿರುಗಿಸಿ, ಹಿಂಬದಿಯ ಮೇಲೆ ಬೆರಳಾಡಿಸಿದರು.

"ಒತ್ತಿ ಬರೀಬೇಡ, ಒತ್ತಿ ಬರೀಬೇಡ ಅಂತ ಬಡ್ಕೋತಿದ್ದೆ ನಿನಗೆ" ಅಂದರು. "ಧ್ರುವನ ಪೆನ್ಸಿಲ್ ತಗೊಂಬಾ."

ಕಾಗದದ ಹಿಂಬದಿಯಲ್ಲಿ ಬಾಲ್‌ಪೆನ್ನಿನ ಒತ್ತು ಉಬ್ಬಿ ನಿಂತಿತ್ತು. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಾರಲ್ಲ, ಹಾಗೆ ಉಜ್ಜಿದರು ಅಪ್ಪ, ಎಪ್ಪತ್ತೆರಡು ವರ್ಷದ ಕೈಯಿಂದ. ಅಂಕಿಗಳು ಹಿಂದುಮುಂದಾಗಿ ಒಂದೊಂದೇ ಮೂಡಿದವು. ಕನ್ನಡಿಗೆ ಹಿಡಿದು ಓದಿದೆ. ಹತ್ತರಲ್ಲಿ ಒಂಬತ್ತು ಸ್ಪಷ್ಟವಾಗಿದ್ದವು. ಒಂದು ಮಾತ್ರ ಒಂದೋ ಏಳೋ ಗೊತ್ತಾಗಲಿಲ್ಲ.

ಪ್ರೊಫೆಸರಿಗೆ ಫೋನ್ ಮಾಡಿದೆ. ಗೋಪ್ಯತೆಯ ನಿಯಮ ಮುರಿಯಬೇಕಾಗಿದೆ ಅಂತ ಶುರು ಮಾಡಿ ಮಿಕ್ಕದ್ದನ್ನು ಹೇಳಿದೆ. 'ನಾನು ಕೇಳು ಅಂದಿದ್ದೆ' ಅಂತ ಅವರು ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅನ್ನಲಿಲ್ಲ. "ಉತ್ತರ ನನಗೆ ಇಷ್ಟವಾಯಿತು, ಅದಕ್ಕೇ ನಾನೂ ಮತ್ತೆ ಕೇಳಲಿಲ್ಲ" ಅಂದರು. ಈಗಲೇ ಪೊಲೀಸರ ಹತ್ತಿರ ಹೋಗಿ, ನನ್ನ ಹೆಸರೂ ಕೊಡಿ, ಪ್ರಬಂಧದಲ್ಲಿ ತಪ್ಪಾಗಿದೆ ಅಂತ ನಾನು ಪತ್ರಿಕೆಗೆ ಬರೆಯುತ್ತೇನೆ ಅಂದರು.

ಮರುದಿನ ಬೆಳಿಗ್ಗೆ ಆಲೆಮನೆಗೆ ಹೋಗಿ ಮಾಯಮ್ಮನನ್ನು ಕರೆದುಕೊಂಡು ನಾಗಮಂಗಲದ ಠಾಣೆಗೆ ಹೋದೆ. ಬಸ್ಸಿನಲ್ಲಿ ಹೇಳಿಬಿಡಬೇಕು ಅಂತ ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಬಿಸಿಲು ಜಾಸ್ತಿ ಅಂತಲೋ ಬಸ್ಸು ನಿಧಾನ ಅಂತಲೋ ಅಂದು ಮುಚ್ಚಿಕೊಂಡೆ. ಠಾಣೆಯಲ್ಲಿ ದೂರು ಬರೆದುಕೊಳ್ಳಲು ಕೂತವಳು ಒಬ್ಬ ಮಹಿಳಾ ಪೊಲೀಸು. ಇಪ್ಪತ್ತೈದರ ಒಳಗಿನ ಹುಡುಗಿ, ಹೆಸರಿನ ಪಟ್ಟಿಯಲ್ಲಿ ಸಹನ ಅಂತಿತ್ತು.

"ಏನಾಗದೆ ಯೋಳವ್ವ."

"ನನ್ ಮಗೀನ ಬೆಳ್ಳೂರ್ ಕ್ರಾಸ್ನಲ್ಲಿ ಕೊಟ್ಬುಟ್ಟೆ ಕನವ್ವ..."

"ಕೊಟ್ಬುಟ್ಟೆ ಅಂದ್ರೆ? ಯಾರ್ಗೆ ಕೊಟ್ಟೆ?" ಅಂದಳು ಸಹನ, ತಲೆ ಎತ್ತದೆ.

ಅಷ್ಟೇ. ಒಂದು ಉಸಿರಿನಷ್ಟು ಪ್ರಶ್ನೆ. ಚಿನ್ನದ ಪದಕವಿಲ್ಲದ ಹುಡುಗಿ ಕೇಳಿದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಮಾಯಮ್ಮ ಎಲ್ಲ ಹೇಳಿದಳು. ಸಹನ ಬರೆದುಕೊಂಡು, ಪೆನ್ನಿನ ಹಿಂಬದಿಯಿಂದ ಮೇಜು ಕುಟ್ಟುತ್ತಾ ಕೇಳಿದಳು. "ಎರಡು ವರ್ಸ ಏನ್ ಮಾಡ್ತಿದ್ದೆ? ಎತ್ತ ತಾಯಿ ಅಲ್ವಾ ನೀನು? ಯಾರ್ಗೂ ಯೋಳ್ಬೇಕು ಅನ್ನುಸ್ನಿಲ್ವಾ?"

ಮಾಯಮ್ಮ ನನ್ನ ಕಡೆ ನೋಡಿದಳು. ನೋಡಿದ್ದು ಒಂದೇ ಗಳಿಗೆ. ನನ್ನ ಮುಖದಲ್ಲಿ ಏನು ಕಂಡಳೋ, ಎರಡು ವರ್ಷದಿಂದ ಯಾರೂ ಹುಡುಕುತ್ತಿಲ್ಲ ಅನ್ನುವುದು ಅವಳಿಗೆ ಆಗಲೇ ಗೊತ್ತಾಗಿಹೋಯಿತು. ಅವಳು ಮತ್ತೆ ಪೊಲೀಸಿನ ಕಡೆ ತಿರುಗಿದಳು.

"ಯಾರ್ಗೂ ಯೋಳ್ನಿಲ್ಲ ಕನವ್ವ. ತಿಳೀನಿಲ್ಲ. ನಂದೇ ತೆಪ್ಪು."

ನನ್ನನ್ನು ಉಳಿಸಿದಳು. ಜೊತೆಗೆ ಬಂದಿದ್ದಾಳೆ, ಓದಿದವಳು, ಇವಳನ್ನು ಯಾಕೆ ಸಿಕ್ಕಿಸುವುದು ಅಂತ. ಸುಮ್ಮನೆ ಇದ್ದಿದ್ದರೆ ನಾನು ಪಾರು. ಕಾಲೇಜಿನಲ್ಲಿ ನನ್ನ ಕೆಲಸ ಕಾಯಂ ಅಲ್ಲ, ಇಂಥಾ ಸುದ್ದಿ ಹಬ್ಬಿದರೆ ಮುಂದಿನ ವರ್ಷ ಕರೆಯುವುದಿಲ್ಲ. ಇದೆಲ್ಲ ಆ ಗಳಿಗೆಯಲ್ಲಿ ನನಗೆ ಹೊಳೆದೇ ಹೊಳೆಯಿತು. ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ.

"ನನಗೆ ಹೇಳಿದ್ರು" ಅಂದೆ. "ಎರಡು ವರ್ಷದ ಹಿಂದೆ ನನಗೆ ಹೇಳಿದ್ರು. ನಾನು ತಪ್ಪಾಗಿ ಬರೆದುಕೊಂಡೆ."

ಬ್ಯಾಗಿನಿಂದ ಫಾರಂ ತೆಗೆದು ಮೇಜಿನ ಮೇಲಿಟ್ಟೆ. ಸಹನ ಓದಿದಳು. ಓದುತ್ತಾ ಹುಬ್ಬು ಗಂಟಿಕ್ಕಿದಳು. "ಅತ್ತೊಂಬತ್ತಾ?" ಅಂದಳು. ಆಮೇಲೆ ನನಗೊಂದು ಬಿಳಿ ಹಾಳೆ ಕೊಟ್ಟು, ಇದನ್ನೆಲ್ಲ ನೀವೇ ನಿಮ್ಮ ಕೈಯಾರೆ ಬರೆದುಕೊಡಿ ಮೇಡಂ ಅಂದಳು. ಬರೆದೆ. ಮಾಯಮ್ಮ ಪಕ್ಕದಲ್ಲೇ ಕೂತು ನಾನು ಬರೆಯುವುದನ್ನು ನೋಡುತ್ತಿದ್ದಳು. ಈ ಸಲ ನನ್ನ ಕೈ ಹಿಡಿದುಕೊಳ್ಳಲಿಲ್ಲ.

ಪೊಲೀಸರು ಆ ಅನುಮಾನದ ಅಂಕಿಯನ್ನು ಏಳು ಅಂದುಕೊಂಡು ಹುಡುಕಿದ ನಂಬರು ಹಾಸನದ ಯಾರೋ ಮೇಷ್ಟರದ್ದು. ಒಂದು ಅಂದುಕೊಂಡಾಗ ಸಿಕ್ಕಿತು. ಆ ಸಿಮ್ಮು ನಿಂತು ಬಹಳ ಕಾಲವಾಗಿದ್ದರೂ ಯಾರ ಹೆಸರಿನಲ್ಲಿತ್ತು ಅನ್ನುವುದು ಸಿಕ್ಕಿತು, ಅವರಿಂದ ಬೆಟ್ಟಮ್ಮ ಸಿಕ್ಕಿದಳು. ಚಿನ್ನುವನ್ನು ಮೊದಲು ಒಂದು ಮನೆಗೆ, ಅಲ್ಲಿಂದ ಇನ್ನೊಂದು ಮನೆಗೆ ಸಾಗಿಸಿದ್ದರು. ಇಪ್ಪತ್ತಮೂರನೇ ದಿನ ತುಮಕೂರಿನ ಹತ್ತಿರದ ಒಂದು ಮನೆಯಲ್ಲಿ ಸಿಕ್ಕಿದಳು. ಎರಡು ಕೈಗೂಸುಗಳನ್ನು ನೋಡಿಕೊಳ್ಳುವುದು, ಪಾತ್ರೆ, ಬಟ್ಟೆ. ಆ ಮನೆಯವರೂ ಅಂದರಂತೆ, ನಮ್ಮ ಮನೆ ಮಗಳ ಹಾಗೇ ನೋಡಿಕೊಂಡಿದ್ದೇವೆ ಅಂತ. ಮನೆ ಮಗಳು ಮಲಗುತ್ತಿದ್ದದ್ದು ಅಡಿಗೆಮನೆಯಲ್ಲಿ.

ವಿಚಾರಣೆ ಮುಗಿಯುವವರೆಗೆ ಅವಳನ್ನು ಮಂಡ್ಯದಲ್ಲಿ ಬಾಲಕಿಯರ ಆಶ್ರಯದಲ್ಲಿ ಇಟ್ಟಿದ್ದರು. ಮಾಯಮ್ಮ, ನಾಗರಾಜು ಎರಡು ಸಲ ಹೋಗಿ ಬಂದಿದ್ದರು. ಮೂರನೇ ಸಲ ನಾನೂ ಬರಲಾ ಅಂತ ಕೇಳಿದೆ. ಮಾಯಮ್ಮ ನನ್ನ ಮುಖ ನೋಡದೆ "ಬನ್ನಿ" ಅಂದಳು. ಫಾರಂನ ಒಂದು ಜೆರಾಕ್ಸ್ ನನ್ನ ಬ್ಯಾಗಿನಲ್ಲಿತ್ತು. ಮೂಲ ಪೊಲೀಸರ ಹತ್ತಿರ ಇತ್ತು. ಯಾಕೆ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೆನೋ, ಎಸೆಯಲಂತೂ ಆಗಿರಲಿಲ್ಲ.

ಚಿನ್ನು ಬೆಂಚಿನ ತುದಿಯಲ್ಲಿ ಕೂತಿದ್ದಳು. ಹದಿಮೂರು ವರ್ಷ, ನೋಡಿದರೆ ಹತ್ತು ಅನ್ನಬೇಕು. ಬೆರಳಿನ ಸಂದಿಗಳೆಲ್ಲ ಸೋಪಿಗೆ ಬಿರುಕು ಬಿಟ್ಟಿದ್ದವು. ಅವ್ವನ ಕೈಲಿದ್ದ ಬಾಳೆಹಣ್ಣು ತೆಗೆದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರ್ಯಾರವ್ವ?"

"ನಮ್ ಇಸ್ಯ ಬರ್ಕೊಂಡೋಗಿದ್ರಲ್ಲ, ಅವ್ರು."

"ನನ್ ಇಸ್ಯಾನೂವ?"

"ಊಂ."

ಅವಳು ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ. ತನ್ನ ಬಗ್ಗೆಯೂ ಯಾರೋ ಏನೋ ಬರೆದಿದ್ದಾರೆ ಅನ್ನುವ ಕುತೂಹಲ, ಅಷ್ಟೇ. "ಏನಂತ ಬರ್ಕೊಂಡ್ರಿ? ಓದಿ" ಅಂದಳು.

ಜೆರಾಕ್ಸ್ ತೆಗೆದೆ. ಕ್ಷಮಿಸು ಅನ್ನಬೇಕು ಅಂತ ಬಸ್ಸಿನುದ್ದಕ್ಕೂ ವಾಕ್ಯ ಕೂಡಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. ಅವಳು ಕೇಳಿದ್ದನ್ನೇ ಮಾಡಿದೆ.

"ವಯಸ್ಸು ಹತ್ತೊಂಬತ್ತು."

ಅವಳು ಒಂದು ಬೆರಳು ಮಡಿಸಿದಳು.

"ಮದುವೆಯಾಗಿದೆ."

ಇನ್ನೊಂದು ಬೆರಳು.

"ಓದುತ್ತಿದ್ದಾಳೆ."

"ಮೂರೂ ಸುಳ್ಳು" ಅಂದಳು ಚಿನ್ನು, ಮಡಿಸಿದ ಮೂರು ಬೆರಳನ್ನು ನನ್ನ ಮುಂದೆ ಹಿಡಿದು. "ಎಸ್ರಾದ್ರೂ ಸರಿಯಾಗ್ ಬರ್ಕೊಂಡಿದ್ರಾ? ಎಲ್ಲದೆ ತೋರ್ಸಿ."

ನಾನು ಬೆರಳಿಟ್ಟು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಕಪ್ಪು ಗೆರೆಯ ಮೇಲೆ ತನ್ನ ಬಿರುಕು ಬಿಟ್ಟ ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದಳು.

"ಇದು ನಾನಾ?"

ಹೌದು ಅಂದೆ.